ಕೆಳಗೆ ಜಾರಿದ ಹೆಸರು

ಸತ್ಯಪ್ಪನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ಅರ್ಧ ಆಯುಷ್ಯ ಕುರಿಗಳನ್ನು ಕೂಗಿ ಕರೆಯುವುದರಲ್ಲೇ ಕಳೆದ ಮನುಷ್ಯ. ಚಿಕ್ಕೋಡಿಯಲ್ಲಿ ನಿಂತು ಬಾಯಿ ತೆರೆದರೆ ನಿಪ್ಪಾಣಿಯವರಿಗೆ ಫೋನು ಬೇಕೇ ಇರಲಿಲ್ಲ. ಆ ಶನಿವಾರ ಬೆಳಿಗ್ಗೆ ಸಾರಿಕಾ ಫೋನನ್ನು ಕಿವಿಯಿಂದ ಗೇಣುದ್ದ ದೂರ ಹಿಡಿದರೂ, ನಿಪ್ಪಾಣಿಯಲ್ಲಿ ಕಾಕಾಸಾಹೇಬರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದವರಿಗೆಲ್ಲ ಮಾತು ಪೂರ್ತಿ ಕೇಳಿಸಿತು.

"ನನ್ನ ಮಗಳ ಹೆಸರು ತಳದಾಗ ಯಾಕ ಬಂತು? ಅದನ್ನಷ್ಟ ಹೇಳ ನನಗ!"

"ಯಾವ ತಳದಾಗ ಕಾಕಾ? ಪತ್ರಿಕಿ ನೀವ ನೋಡೀರಲ್ಲ. ಎರಡೂ ಮನಿ ಹೆಸರು ಬಾಜೂಕ ಬಾಜೂಕ ಅದಾವ."

"ಪತ್ರಿಕಿ ಅಲ್ಲವ್ವಾ, ನೀ ಮೊಬೈಲ್‌ದಾಗ ಮಾಡಿ ಕಳಿಸಿದ್ದು. ಉಗಾರದಾಗ ನಮ್ಮ ಕಾಮಣ್ಣ ನೋಡ್ಯಾನ. ಮ್ಯಾಲ ಬೋರಗಾಂವದವರು, ಅವರ ಅಪ್ಪ, ಅವರ ಮುತ್ಯಾ, ಎಲ್ಲಾರೂ ಅದಾರ. ನಾವು ಬೇಕಂದ್ರ ಬೆರಳಿಲೆ ತಿಕ್ಕಿ ತಿಕ್ಕಿ ಕೆಳಗ ಇಳೀಬೇಕಂತ. ಇದು ಸಂಭಾಜಿ ಹೇಳಿ ಮಾಡಿಸಿದ ಕೆಲಸ. ನಾಳಿ ಬೋರಗಾಂವಕ್ಕ ಹೋಗಿ ಮಾತ ಮುರಕೊಂಡ ಬರ್ತೀನಿ."

"ಅವರು ಏನೂ ಹೇಳಿಲ್ರಿ ಕಾಕಾ. ತಪ್ಪು ನಂದು..."

"ನೀ ಅವರ ತಪ್ಪ ಮುಚ್ಚಾಕ ಬರಬ್ಯಾಡ," ಎಂದು ಸತ್ಯಪ್ಪ ಫೋನಿಟ್ಟ.

ಹೆಸರು ಮೇಲಿದ್ದರೇನು, ಕೆಳಗಿದ್ದರೇನು ಎಂದು ಕೇಳುವವರು ಮೊದಲು ಸತ್ಯಪ್ಪನ ಅಕ್ಕ ಮಲಕವ್ವನ ಕತೆ ಕೇಳಬೇಕು. ಅವಳ ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ಮೇಲೆ ದೊಡ್ಡದಾಗಿ, ಇವರ ಮನೆಯದು ತಳದಲ್ಲಿ ಇರುವೆ ಸಾಲಿನಂತೆ ಅಚ್ಚಾಗಿತ್ತು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಆ ಮನೆಯಲ್ಲಿ ಮಲಕವ್ವ ಕಡೆಗೆ ಉಂಡಳು, ಕಡೆಗೆ ಮಲಗಿದಳು, ಯಾವ ಮಾತಿಗೂ ಅವಳನ್ನು ಕರೆಯಲಿಲ್ಲ. ಎಲ್ಲವೂ ಆ ಪತ್ರಿಕೆಯಿಂದಲೇ ಶುರುವಾಯಿತೆಂದು ಸತ್ಯಪ್ಪನ ತಲೆಯಲ್ಲಿ ಕೂತುಬಿಟ್ಟಿತ್ತು. ಅದಕ್ಕೇ ಮಗಳು ಗಂಗಾಳ ಮದುವೆಯನ್ನು ಬೋರಗಾಂವದ ಸಂಗ್ರಾಮನ ಜೊತೆ ಮಾತಾಡುವಾಗ, ಹುಡುಗನ ತಂದೆ ಸಂಭಾಜಿಯ ಮುಂದೆ ಅವನು ಇಟ್ಟದ್ದು ಒಂದೇ ಕರಾರು: ಎರಡೂ ಮನೆಯ ಹೆಸರು ಒಂದೇ ಸಾಲಿನಲ್ಲಿ ಬರಬೇಕು. ಪವರ್‌ಲೂಮ್ ನಡೆಸುವ ಸಂಭಾಜಿ ನಕ್ಕು, "ಹೋ, ಹೋ, ಬರೋಬರ್" ಎಂದು ಮರಾಠಿಯಲ್ಲೇ ಒಪ್ಪಿದ್ದ. ಪತ್ರಿಕೆಯಲ್ಲಿ ಎಡಕ್ಕೆ ಗಂಡಿನವರದು ಮರಾಠಿಯಲ್ಲಿ, ಬಲಕ್ಕೆ ಹೆಣ್ಣಿನವರದು ಕನ್ನಡದಲ್ಲಿ. ಗಡಿಯ ಬೀಗಸ್ತನ ಹೀಗೇ ಇರುತ್ತದೆ.

ಪತ್ರಿಕೆ ಅಚ್ಚಾದದ್ದು ಸಾರಿಕಾ ಕೆಲಸ ಮಾಡುವ ಪ್ರೆಸ್ಸಿನಲ್ಲಿ. ಅದರಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಯಾರ ತಲೆಯೂ ಕೆಡುತ್ತಿರಲಿಲ್ಲ. ಆದರೆ ಗಂಗಾಳ ಮದುವೆಗೆ ತನ್ನದೇ ಒಂದು ಆಹೇರಿ, ಒಂದು ಉಡುಗೊರೆ, ಇರಬೇಕೆಂದು ಸಾರಿಕಾಳಿಗೆ ಆಸೆ. ವಾಟ್ಸ್ಯಾಪ್ ಆಗ ಊರೂರಿಗೆ ಹೊಸತು. ಬಿಡುವಿದ್ದಾಗ ತಾನೇ ಕಲಿತ ವಿದ್ಯೆಯಿಂದ ಮದುವೆಗೊಂದು ವೆಬ್ ಪುಟ ಮಾಡಿ, ಅದರ ಲಿಂಕನ್ನು ಎರಡೂ ಕಡೆಯವರಿಗೆ ಕಳಿಸಿದಳು.

ಆ ಆಸೆಗೆ ಕಾರಣ ಹಳೆಯದು. ರಾಯಬಾಗ ಕಡೆಯ ಹಳ್ಳಿಯಿಂದ ಸಾರಿಕಾ ಕಾಲೇಜಿಗೆಂದು ಚಿಕ್ಕೋಡಿಗೆ ಬಂದಾಗ, ಬಾಡಿಗೆಗೆ ಖಾಲಿಯಿದ್ದ ಕೋಣೆಗಳೆಲ್ಲ ಅವಳ ಅಡ್ಡಹೆಸರು ಕೇಳಿದೊಡನೆ ತುಂಬಿಬಿಡುತ್ತಿದ್ದವು. ಮನೆಯಲ್ಲಿ ಬುದ್ಧನ ಫೋಟೊ ಇಟ್ಟುಕೊಂಡವರಿಗೆ ಈ ಜಾದೂ ಹೊಸದಲ್ಲ. ತರಗತಿಯಲ್ಲಿ ಪಕ್ಕ ಕೂರುತ್ತಿದ್ದ ಗಂಗಾ ಒಂದು ದಿನ ಅವಳ ಟ್ರಂಕನ್ನು ತಾನೇ ಹೊತ್ತುಕೊಂಡು ಮನೆಗೆ ಕರೆದೊಯ್ದಳು. ಗಂಗಾಳ ತಾಯಿ ರಾಮವ್ವ ಏನೂ ಕೇಳದೆ ತಾಟು ಹಾಕಿದಳು. ಗಂಗಾಳ ಪಕ್ಕದಲ್ಲಿ, ಸತ್ಯಪ್ಪನ ಎಡಕ್ಕೆ, ಅದೇ ಸಾಲಿನಲ್ಲಿ. ಊಟಕ್ಕೆ ಬಂದಿದ್ದ ನೆಂಟರೊಬ್ಬರು ಮುಖ ಸಿಂಡರಿಸಿದಾಗ, "ನಮ್ಮ ಮನ್ಯಾಗ ಎರಡನೇ ಪಂಕ್ತಿ ಇಲ್ರಿ, ಕುಂಡ್ರೂದಾದ್ರ ಇಲ್ಲೇ ಕುಂಡ್ರ್ರಿ," ಎಂದಿದ್ದಳು ರಾಮವ್ವ. ಸಾರಿಕಾ ಕಾಲೇಜು ಮುಗಿಸುವ ತನಕ ಆ ಮನೆಯ ರೊಟ್ಟಿ ಉಂಡಳು. ಆ ಋಣ ತೀರಿಸುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು; ಆದರೂ ಮನಸ್ಸು ಕೇಳಬೇಕಲ್ಲ. ಈಗ ಅದೇ ಮನೆಯ ಮದುವೆ ಅವಳ ಆಹೇರಿಯಿಂದಲೇ ಮುರಿಯುವ ಹಂತಕ್ಕೆ ಬಂದಿತ್ತು.

ಸತ್ಯಪ್ಪನ ಫೋನಿನ ಹಿಂದೆಯೇ ಗಂಗಾಳ ಫೋನು ಬಂತು. ಅಳುತ್ತಿದ್ದಳು. "ಅಪ್ಪಗ ಯಾರ ಮಾತೂ ಕೇಳಸವಲ್ದು ಸಾರಿಕಾ. ಸಂಗ್ರಾಮ ಎರಡ ಸಲ ಫೋನ್ ಮಾಡ್ಯಾರ, ಎತ್ತಬ್ಯಾಡ ಅಂತಾನ."

"ಅಳಬ್ಯಾಡ. ಮುರದಾಕಿ ನಾನು, ಜೋಡಸಾಕಿನೂ ನಾನ," ಎಂದಳು ಸಾರಿಕಾ. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬರುವ ಸ್ವಭಾವ. ಈಗ ಬಂದದ್ದು ತನ್ನ ಮೇಲೆಯೇ.

ಗಂಗಾ ಮತ್ತೆ ಕರೆದರೆ ಬೇಕೆಂದು ತನ್ನ ಫೋನು ಬಿಟ್ಟು, ಕಾಕಾಸಾಹೇಬರ ಮೊಬೈಲ್ ಇಸಿದುಕೊಂಡು ಪುಟ ತೆರೆದಳು. ಕಾಮಣ್ಣ ಸುಳ್ಳು ಹೇಳಿರಲಿಲ್ಲ. ಬೋರಗಾಂವದವರು ಮೇಲೆ ಪೂರಾ ಹರಡಿಕೊಂಡಿದ್ದರು. ಗಂಗಾ, ಸತ್ಯಪ್ಪ, ರಾಮವ್ವ, ಅಜ್ಜ ವಿರುಪಾಕ್ಷಪ್ಪ ಎಲ್ಲರೂ ಕೆಳಗೆ ಜಾರಿ ಬಿದ್ದಿದ್ದರು. ಪ್ರೆಸ್ಸಿನ ದೊಡ್ಡ ಮಾನಿಟರಿನಲ್ಲಿ ಮಾತ್ರ ಎಲ್ಲವೂ ಅಚ್ಚುಕಟ್ಟು. ಸಾರಿಕಾ ನೋಡಿದ್ದು ಆ ಮಾನಿಟರಿನಲ್ಲಿ ಮಾತ್ರ.

ತಪ್ಪು ಅವಳ ಕೈಯದು. ಇಷ್ಟು ವರ್ಷ ಕಾಗದದ ಮೇಲೆ ಕೆಲಸ ಮಾಡಿದ ಕೈ. ಕಾಗದ ಎಂದರೆ ನಿಂತ ನೆಲ; ನಿಪ್ಪಾಣಿಯಲ್ಲಿ ಎಷ್ಟು ಅಗಲವೋ ಕಾಗವಾಡದಲ್ಲೂ ಅಷ್ಟೇ. ಹಾಗೆಂದುಕೊಂಡೇ ಪುಟದ ಎರಡು ಅಂಕಣಗಳಿಗೂ, ಪತ್ರಿಕೆಗೆ ಕೊಡುವಂತೆ, ಬದಲಾಗದ ಗಟ್ಟಿ ಅಗಲ ಕೊಟ್ಟುಬಿಟ್ಟಿದ್ದಳು. ಮೊಬೈಲಿನ ಕಿರಿದಾದ ಪರದೆಯಲ್ಲಿ ಎರಡಕ್ಕೂ ಜಾಗ ಸಾಲದೆ, ಎರಡನೆಯದು ತನ್ನಷ್ಟಕ್ಕೆ ಕೆಳಗಿಳಿದಿತ್ತು. ಅದರಲ್ಲಿ ಗಂಡಿನವರ ಕುತಂತ್ರವೂ ಇರಲಿಲ್ಲ, ಹೆಣ್ಣಿನವರ ದುರ್ದೈವವೂ ಇರಲಿಲ್ಲ. ಆದರೆ ಇದನ್ನು ಸತ್ಯಪ್ಪನಿಗೆ ತಿಳಿಸಿ ಹೇಳುವವರು ಯಾರು?

ಪುಟದ ಉಡುಗೆತೊಡುಗೆ ಹೇಳುವ ಸಿಎಸ್‌ಎಸ್ ಫೈಲು ತೆರೆದಳು. ಗಟ್ಟಿ ಅಗಲ ಕಿತ್ತೆಸೆದು, ಒಂದೊಂದು ಅಂಕಣಕ್ಕೂ ಪರದೆಯ ಅರ್ಧ ಎಂದು ಬರೆದಳು. ಪರದೆ ದೊಡ್ಡದಿದ್ದರೆ ದೊಡ್ಡ ಅರ್ಧ, ಚಿಕ್ಕದಿದ್ದರೆ ಚಿಕ್ಕ ಅರ್ಧ. ಮೊಬೈಲಿನಲ್ಲಿ ನೋಡಿದಳು. ಗಂಗಾ ಮತ್ತೆ ಕೆಳಗೇ ಇದ್ದಳು.

"ಅರ್ಧ ಅರ್ಧ ಕೂಡಿದ್ರ ಒಂದ ಆಗಬೇಕಲ್ರಿ!" ಎಂದು ಸಾರಿಕಾ ಮೇಜು ಗುದ್ದಿದಳು.

"ಸಾಲ್ಯಾಗ ಹಂಗ ಹೇಳ್ಯಾರ ನೋಡವಾ," ಎಂದರು ಕಾಕಾಸಾಹೇಬರು. ಅವರು ಪ್ರೆಸ್ಸಿನ ಮಾಲೀಕರು. ಕಂಪ್ಯೂಟರಿನ ಗೊಡವೆಗೆ ಹೋದವರಲ್ಲ. ಆದರೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಆ ದಿನ ಕೊಡಬೇಕಿದ್ದ ಬಿಲ್‌ಬುಕ್ಕಿನ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ, ತಮ್ಮ ಫೋನನ್ನೂ ಅವಳ ಕೈಯಲ್ಲೇ ಬಿಟ್ಟರು. ಗಿರಾಕಿಗಳ ಫೋನು ಬಂದಾಗಲೆಲ್ಲ ಅವಳ ಕೈಯಿಂದ ತೆಗೆದುಕೊಂಡು, ಎರಡು ಮಾತಾಡಿ, ಮತ್ತೆ ಅವಳ ಕೈಗೇ ಕೊಡುತ್ತಿದ್ದರು. ಇಂಥವರ ಹತ್ತಿರ ಕೆಲಸಕ್ಕಿರುವುದು ತನ್ನ ಪುಣ್ಯ ಎಂದು ಸಾರಿಕಾಳಿಗೆ ಆ ಗಡಿಬಿಡಿಯಲ್ಲೂ ಅನಿಸಿತು.

ಹುಡುಕಿ ಹುಡುಕಿ ಮಧ್ಯಾಹ್ನದ ಹೊತ್ತಿಗೆ ಕಳ್ಳ ಸಿಕ್ಕ. ಅಂಕಣಗಳ ಸುತ್ತ ಅವಳು ಪ್ರೀತಿಯಿಂದ ಎಳೆದಿದ್ದ ಅರಿಶಿನ ಬಣ್ಣದ ಅಂಚು, ಅಂಚಿನ ಒಳಗೆ ಅಕ್ಷರಗಳಿಗೆ ಉಸಿರಾಡಲು ಬಿಟ್ಟ ಜಾಗ, ಇವೆರಡೂ ಆ ಅರ್ಧದ ಹೊರಗೆ ಲೆಕ್ಕವಾಗುತ್ತಿದ್ದವು. ಅಂಚು ಸೇರಿದ ಎರಡು ಅರ್ಧಗಳು ಪರದೆಗಿಂತ ತುಸು ಅಗಲವಾಗಿ, ಆ ತುಸುವಿಗೇ ಗಂಗಾಳ ಮನೆಯವರು ಬೀಳುತ್ತಿದ್ದರು. ಅಂಚು, ಜಾಗ ಎಲ್ಲವೂ ಅರ್ಧದ ಒಳಗೇ ಲೆಕ್ಕವಾಗಲಿ ಎಂದು ಒಂದೇ ಒಂದು ಸಾಲು ಬರೆದಳು. ಬೀಗರಿಬ್ಬರೂ ಥಟ್ಟನೆ ಅಕ್ಕಪಕ್ಕ ಬಂದು ಕೂತರು. ಕಾಕಾಸಾಹೇಬರು ತಾವೇ ಮಾಡಿದ್ದೆಂಬಂತೆ ಚಪ್ಪಾಳೆ ತಟ್ಟಿದರು.

ಚಿಕ್ಕೋಡಿಗೆ ಫೋನು ಮಾಡಿದರೆ ಸತ್ಯಪ್ಪ ಎತ್ತಲಿಲ್ಲ.

ಬೋರಗಾಂವಕ್ಕೆ ಹೋಗುವಾಗ ಅವನು ನಿಪ್ಪಾಣಿಯಲ್ಲಿ ಬಸ್ಸು ಬದಲಿಸಬೇಕು. ಭಾನುವಾರ ಬೆಳಿಗ್ಗೆ ಸಾರಿಕಾ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತಳು. ತಲೆಗೆ ಬಿಳಿ ಪಟಗ ಸುತ್ತಿಕೊಂಡು, ಬುತ್ತಿಯ ಚೀಲ ಹಿಡಿದು, ಜಗಳಕ್ಕೆ ಮದುವೆಯ ಅಂಗಿ ತೊಟ್ಟುಕೊಂಡೇ ಸತ್ಯಪ್ಪ ಇಳಿದ. ಅವಳು ಪುಟ ತೆರೆದಿದ್ದ ತನ್ನ ಫೋನು ಮುಂದೆ ಹಿಡಿದಳು.

ಅವನು ನೋಡಿದ. ನೋಡಿ ಮುಖ ತಿರುವಿದ. "ಇದು ನಿನ್ನ ಫೋನ್. ನೀ ಹೇಳಿದಂಗ ಕೇಳತೈತಿ."

"ಹಂಗಾರ ಯಾರದ್ದರ ಇಸ್ಕೊಂಡ ನೋಡ್ರಿ."

ಸತ್ಯಪ್ಪನಿಗೆ ಹೀಗೆ ಹೇಳಬಾರದು. ಪಕ್ಕದಲ್ಲಿ ಅಥಣಿ ಬಸ್ಸಿಗೆ ಕಾಯುತ್ತಿದ್ದವನ ಭುಜ ತಟ್ಟಿದ. "ಏ ತಮ್ಮಾ, ಮೊಬೈಲ್ ಕೊಡ. ಮಗಳ ಲಗ್ನ ಐತಿ." ಯಾಕೆ, ಏನು ಎಂದು ಕೇಳದೆ ಅವನು ಕೊಟ್ಟುಬಿಟ್ಟ. ನಮ್ಮ ಕಡೆಯ ಜನ ಇದೇ ನೋಡಿ. ಅಪರಿಚಿತನಿಗೆ ಮೊಬೈಲ್ ಕೊಡುವುದೆಂದರೆ ಮನೆಯ ಬೀಗದ ಕೈ ಕೊಟ್ಟಂತೆ, ಆದರೂ ಲಗ್ನ ಎಂದರೆ ಸಾಕು. ಸಾರಿಕಾ ಪುಟದ ವಿಳಾಸ ಒತ್ತಿಕೊಟ್ಟಳು; ಆ ಪರದೆಯಲ್ಲೂ ಬೀಗರು ಅಕ್ಕಪಕ್ಕ ಇದ್ದರು. ಸತ್ಯಪ್ಪ ಫೋನನ್ನು ಅಡ್ಡ ಹಿಡಿದ, ಉದ್ದ ಹಿಡಿದ, ಕೊನೆಗೆ ಬೀಳುತ್ತಾರೇನೋ ಎಂದು ಒಮ್ಮೆ ಕೊಡವಿಯೂ ನೋಡಿದ. ಬೀಳಲಿಲ್ಲ. ಇನ್ನೊಬ್ಬನ ಫೋನು ಇಸಿದುಕೊಂಡ. ಮತ್ತೊಬ್ಬನದು. ಕೊಟ್ಟವರಿಗೆಲ್ಲ, "ನೋಡಿದ್ರಲ್ಲ, ಬರಬೇಕ ಮತ್ತ ಲಗ್ನಕ್ಕ," ಎಂದು ಕೈ ಮುಗಿದ. ಮುರಿಯಲು ಹೊರಟ ಮದುವೆಗೆ ಅರ್ಧ ಬಸ್‌ಸ್ಟ್ಯಾಂಡಿಗೇ ಆಮಂತ್ರಣ ಕೊಟ್ಟದ್ದು ಅವನ ಗಮನಕ್ಕೇ ಬರಲಿಲ್ಲ.

ಕೊನೆಗೆ ಕುಡಚಿಗೆ ಹೊರಟಿದ್ದ ಒಬ್ಬ ಬುರ್ಖಾದ ಹೆಂಗಸು ತಾನಾಗಿಯೇ ಫೋನು ಚಾಚಿದಳು. "ತಗೋರಿ ಚಾಚಾ, ನಂದೂ ನೋಡ್ರಿ. ಸಣ್ಣದೈತಿ."

ಸಣ್ಣದೇ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ಅಲ್ಲಿ ಅಂಕಣಗಳೇನೋ ಅಕ್ಕಪಕ್ಕ ಇದ್ದವು. ಆದರೆ ಬಲಗಡೆಯ ಅಜ್ಜ ವಿರುಪಾಕ್ಷಪ್ಪನ ಹೆಸರು ಅಂಚು ದಾಟಿ, ಅರ್ಧದಷ್ಟು ಪರದೆಯ ಹೊರಗೆ ಹೋಗಿತ್ತು. ಎಡಗಡೆಯ ಹೆಸರುಗಳು ಗಿಡ್ಡ. ಅವು ಸುಖವಾಗಿ ಒಳಗಿದ್ದವು.

"ನೋಡಿದಿ?" ಸತ್ಯಪ್ಪನ ದನಿ ಏರಿತು. "ನಮ್ಮಪ್ಪನ್ನ ಹೊರಗ ಹಾಕ್ಯಾರ!"

ಸಾರಿಕಾಳಿಗೆ ಈಗ ಸಿಟ್ಟು ಅವನ ಮೇಲೆಯೇ ಬಂತು. "ಯಾರೂ ಹಾಕಿಲ್ಲ ಕಾಕಾ! ಮುತ್ಯಾನ ಹೆಸರು ಉದ್ದೈತಿ, ಜಾಗಾ ಸಾಲವಲ್ದು. ನಾ ಮಾಡಿದ್ದು, ನಾ ಸುದ್ದ ಮಾಡ್ತೀನಿ. ನನ್ನ ಮ್ಯಾಲ ನಂಬಕಿ ಇದ್ರ ಬರ್ರಿ, ಇಲ್ಲಾಂದ್ರ ಅಕಾ ನಿಮ್ಮ ಬಸ್ ನಿಂತೈತಿ, ಹತ್ತ್ರಿ."

ಇಷ್ಟು ಜೋರಾಗಿ ಅವನ ಮುಂದೆ ಅವಳು ಎಂದೂ ಮಾತಾಡಿರಲಿಲ್ಲ. ಬೋರಗಾಂವದ ಬಸ್ಸು ಹಾರ್ನು ಹೊಡೆಯಿತು. ಸತ್ಯಪ್ಪ ಬಸ್ಸನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಬುತ್ತಿಯ ಚೀಲವನ್ನು ಬಗಲಿಗೇರಿಸಿ ಅವಳ ಹಿಂದೆ ನಡೆದ. ಫೋನಿನ ಹೆಂಗಸು, "ನಮ್ಮ ಬಸ್ಸಿಗೆ ಇನ್ನೂ ಟೈಮ್ ಐತಿ," ಎಂದು ಜೊತೆಗೇ ಬಂದಳು. ಅವಳ ಹೆಸರನ್ನು ಕೇಳಲು ಮರೆತದ್ದಕ್ಕೆ ಸಾರಿಕಾ ಇಂದಿಗೂ ತನ್ನನ್ನು ಬೈದುಕೊಳ್ಳುತ್ತಾಳೆ.

ರಜೆಯ ದಿನವಾದರೂ ಕಾಕಾಸಾಹೇಬರು ಪ್ರೆಸ್ಸು ತೆರೆದಿಟ್ಟಿದ್ದರು. ಪರದೆ ಇಷ್ಟಕ್ಕಿಂತ ಚಿಕ್ಕದಿದ್ದರೆ ಅಕ್ಷರ ತುಸು ಕಿರಿದಾಗಲಿ, ಅಂಚಿನೊಳಗಿನ ಜಾಗ ಕಡಿಮೆಯಾಗಲಿ ಎಂದು ಸಾರಿಕಾ ಹೊಸ ನಿಯಮ ಬರೆದಳು. ಎರಡೂ ಕಡೆಗೆ ಒಂದೇ ನಿಯಮ. ಕನ್ನಡ ಕಿರಿದಾದರೆ ಮರಾಠಿಯೂ ಅಷ್ಟೇ ಕಿರಿದು. ಹೆಂಗಸಿನ ಫೋನಿನಲ್ಲಿ ಪುಟ ಮತ್ತೆ ತೆರೆಯಿತು. ವಿರುಪಾಕ್ಷಪ್ಪ ಮುತ್ಯಾ ಪೂರ್ತಿ ಹೆಸರಿನೊಂದಿಗೆ ಒಳಗೆ ಬಂದು ಕೂತಿದ್ದ. "ಮುಬಾರಕ್ ಚಾಚಾ," ಎಂದು ಹೇಳಿ ಅವಳು ತನ್ನ ಬಸ್ಸಿಗೆ ಓಡಿದಳು.

ಸತ್ಯಪ್ಪ ಉಗಾರಕ್ಕೆ ಫೋನು ಹಚ್ಚಿದ. ಆ ಕಡೆಯಿಂದ ಕಾಮಣ್ಣ, "ಈಗ ಬರೋಬರಿ ಐತಿ, ಬಾಜೂಕ ಬಾಜೂಕ," ಎಂದದ್ದು ಎಲ್ಲರಿಗೂ ಕೇಳಿಸಿತು. ಸತ್ಯಪ್ಪ ಪಟಗ ತೆಗೆದು ಮುಖ ಒರೆಸಿಕೊಂಡ. ಬೆವರೋ, ಬೇರೇನೋ.

ಕಾಕಾಸಾಹೇಬರ ಫೋನಿನಲ್ಲಿ ಪುಟವನ್ನು ಮತ್ತೊಮ್ಮೆ ಮೇಲಿನಿಂದ ಕೆಳಕ್ಕೆ ತಿಕ್ಕಿದ. ಮದುವೆಯ ದಿನ, ಊಟದ ಹೊತ್ತು, ದಾರಿ ಎಲ್ಲ ದಾಟಿ ತೀರಾ ತಳದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರಗಳ ಸಾಲೊಂದಿತ್ತು. ಅದರ ಮೇಲೆ ಬೆರಳಿಟ್ಟ.

"ಇದೇನ ಬರದಿ?"

"ಏನಿಲ್ರಿ. ಸಾರಿಕಾ ಅಂತ. ಮಾಡಿದವರ ಹೆಸರು ತಳದಾಗ ಹಾಕೂದು ಪದ್ಧತಿ."

"ಯಾರ ಪದ್ಧತಿ? ನಮ್ಮ ಮನ್ಯಾಗ ನೀ ಯಾವತ್ತರ ತಳದಾಗ ಕುಂತೀದಿ?" ಅವನ ದನಿ ಮತ್ತೆ ಚಿಕ್ಕೋಡಿಗೆ ಕೇಳುವಷ್ಟಾಯಿತು. "ಎಲ್ಲಾರನ್ನೂ ಒಂದ ಸಾಲಿನ್ಯಾಗ ಕುಂಡ್ರಸಾಕ ಬಂದಾಕಿ, ನೀನ ಹೋಗಿ ಕೆಳಗ ಕುಂತೀದಿ? ತಗಿ ಅದನ್ನ. ಇಲ್ಲಿ ಹಾಕು, ರಾಮವ್ವನ ಹೆಸರಿನ ಕೆಳಗ. ಗಂಗಾನ ಅಕ್ಕ ಅಂತ ಹಾಕು."

ಸಾರಿಕಾಳಿಗೆ ಕೀಬೋರ್ಡಿನ ಕೀಲಿಗಳು ಮಸುಕಾದವು. ಸಿಟ್ಟು ಬಂದು ಕಾಪಾಡೀತೇನೋ ಎಂದು ಕಾದಳು, ಬರಲಿಲ್ಲ. ಅಳುತ್ತಲೇ ತನ್ನ ಹೆಸರನ್ನು ತಾನೇ ಬೆರಳಚ್ಚು ಮಾಡಿದಳು. ಅಷ್ಟು ಕಷ್ಟದ ಟೈಪಿಂಗನ್ನು ಅವಳು ಎಂದೂ ಮಾಡಿರಲಿಲ್ಲ.

ಈಗ ಬಲಗಡೆ ಒಂದು ಹೆಸರು ಹೆಚ್ಚಾಯಿತು, ಎಡಗಡೆ ಅದರ ಎದುರು ಖಾಲಿ ಉಳಿಯಿತು. ಒಂದೇ ಸಾಲಿನ ಕರಾರು ಮಾಡಿದ ಸತ್ಯಪ್ಪನಿಗೆ ಅದು ಸರಿಕಾಣಲಿಲ್ಲ. ಬೈಯಲೆಂದು ಹೊರಟಿದ್ದವನು ಸಂಭಾಜಿಗೆ ಫೋನು ಹಚ್ಚಿ, "ಬೀಗರ, ನಿಮ್ಮ ಕಡಿ ಒಂದ ಹೆಸರ ಕಡಿಮಿ ಬಿದ್ದೈತಿ. ಯಾರ ಉಳದಾರ ಹೇಳ್ರಿ," ಎಂದ.

ಆ ಕಡೆಯಿಂದ ಸಂಭಾಜಿ ತಗ್ಗಿದ ದನಿಯಲ್ಲಿ, ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದ: ತನ್ನನ್ನು ಸಾಕಿದ ಸೋದರತ್ತೆ ಒಬ್ಬಳಿದ್ದಾಳೆ, ಅಕ್ಕುತಾಯಿ. ಚಿಕ್ಕಂದಿನಲ್ಲೇ ಗಂಡ ಸತ್ತವಳು. ಮಂಗಲಕಾರ್ಯದ ಪತ್ರಿಕೆಯಲ್ಲಿ ಅವಳ ಹೆಸರನ್ನು ಯಾರೂ ಹಾಕಿದ್ದಿಲ್ಲ. "ನಿಮ್ಮದ ಅಡ್ಡಿ ಇಲ್ಲಂದ್ರ..."

"ಅಡ್ಡಿ ಯಾಂವಂದೋ ಮಾರಾಯಾ, ಹಾಕ ಅಂದೆ!"

ಸಾರಿಕಾ ಹಾಕಿದಳು. ಎಡಕ್ಕೆ ಅಕ್ಕುತಾಯಿ, ಬಲಕ್ಕೆ ಸಾರಿಕಾ. ಸತ್ಯಪ್ಪ ಫೋನನ್ನು ಅಡ್ಡ ಹಿಡಿದ, ಉದ್ದ ಹಿಡಿದ, ಒಮ್ಮೆ ಕೊಡವಿದ. ಇಬ್ಬರೂ ಇದ್ದಲ್ಲೇ ಇದ್ದರು.

ಕಾಕಾಸಾಹೇಬರು ಊಟಕ್ಕೆಂದು ಮನೆಗೆ ಹೊರಟರು. "ನಡಿ, ಉಣ್ಣೂಣು," ಎಂದ ಸತ್ಯಪ್ಪ. ಬೋರಗಾಂವಕ್ಕೆಂದು ರಾಮವ್ವ ಕಟ್ಟಿಕೊಟ್ಟ ಬುತ್ತಿಯನ್ನು ಪ್ರೆಸ್ಸಿನ ಬೆಂಚಿನ ಮೇಲೆ ಬಿಚ್ಚಿದ. ಒಬ್ಬನ ಪ್ರಯಾಣಕ್ಕೆ ಕಟ್ಟಿದ ಗಂಟಿನಲ್ಲಿ ಇಬ್ಬರ ಊಟವಿತ್ತು. ಜೊತೆಗೆ, ಸಾರಿಕಾಳನ್ನು ಬಿಟ್ಟರೆ ಆ ಮನೆಯಲ್ಲಿ ಯಾರೂ ತಿನ್ನದ ಪುಂಡಿಪಲ್ಲೆ. ಇಬ್ಬರೂ ಅಕ್ಕಪಕ್ಕ ಕೂತು ಉಂಡರು.