ಬಣ್ಣ ಬಿಡದ ಫ್ಲಾಸ್ಕು

ಟೋಂಗಾದ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಪಿಪೆಟ್ಟಿನ ರಬ್ಬರ್ ಬುಡ್ಡೆಗಳೆಲ್ಲ ಬಿರುಕುಬಿಟ್ಟಿದ್ದವು. ಹಾಗಾಗಿ ದ್ರಾವಣವನ್ನು ಆ ಗಾಜಿನ ಕೊಳವೆಗೆ ಬಾಯಿಂದಲೇ ಹೀರುತ್ತಿದ್ದೆವು. ಅಂದು ಇಡೀ ತರಗತಿಗೆ ಕಾಸ್ಟಿಕ್ ಸೋಡಾ ಕರಗಿಸಿಟ್ಟವಳು ನಾನು.

ಬ್ಯೂರೆಟ್ಟಿನಿಂದ ಹನಿಸಿದ ಆಮ್ಲವೆಲ್ಲ ಮುಗಿದರೂ ನನ್ನ ಫ್ಲಾಸ್ಕಿನಲ್ಲಿದ್ದ ಸೋಡಾದ ಗುಲಾಬಿ ಬಣ್ಣ ಹೋಗಲಿಲ್ಲ. ಅಂದರೆ ಸೋಡಾ ತೀರಾ ಗಾಢವಾಗಿತ್ತು. ಲೀಟರಿಗೆ ಬೇಕಿದ್ದದ್ದು ಮೋಲಿನ ಹತ್ತರಲ್ಲೊಂದು ಭಾಗ, ನಾಲ್ಕೇ ಗ್ರಾಂ. ದಡ್ಡಿ ನಾನು, ಇಡೀ ಮೋಲು ಹಾಕಿದ್ದೆ, ನಲವತ್ತು ಗ್ರಾಂ!

ಕೊನೆಯ ಬೆಂಚಿನಲ್ಲಿ ಗೆಳತಿ ಲೋಸಾ ಪಿಪೆಟ್ಟನ್ನು ಬಾಯಿಗೆ ಒಯ್ಯುತ್ತಿದ್ದಳು.

"ಹೀರ್ಬೇಡ ಕಣೇ ಲೋಸಾ! ಬಾಯಿ ಸುಟ್ಟೋಗುತ್ತೆ!"

"ಹೋಗೇ, ನಿನ್ನೆನೂ ಹೀಗೇ ಕೂಗಿ ಹೆದರ್ಸಿದ್ದೆ. ದಿನಾ ಮೋಸ ಹೋಗ್ತೀನಾ?"

ಅವಳು ನನಗೆ ಕಣ್ಣು ಹೊಡೆದು ಹೀರತೊಡಗಿದಳು. ಕೊಳವೆಯಲ್ಲಿ ದ್ರಾವಣ ತುಟಿಯತ್ತ ಏರುತ್ತಿತ್ತು. ನಾನು ಓಡಿದೆ; ನಮ್ಮಿಬ್ಬರ ನಡುವೆ ಇನ್ನೂ ಮೂರು ಬೆಂಚುಗಳಿದ್ದವು.