ಐದು ನ್ಯಾನೊಸೆಕೆಂಡು ತಡ

ಪ್ರೋಟಾನುಗಳು ಡಿಕ್ಕಿ ಹೊಡೆದಾಗ ಚಿಮ್ಮುವ ಕಣಗಳ ಕಾರಂಜಿಯನ್ನು ನಾವು ಜೆಟ್ ಎನ್ನುತ್ತೇವೆ. ಅದು ನೆಲದಡಿಯ ಡಿಟೆಕ್ಟರನ್ನು ಯಾವ ಕ್ಷಣಕ್ಕೆ ಮುಟ್ಟಿತೆಂದು ಅಳೆಯುವುದು ನನ್ನ ಕೆಲಸ. ಎಲ್ಲವೂ ಹೊತ್ತಿಗೆ ಸರಿಯಾಗಿಯೇ ಬರುತ್ತವೆ. ತಡವಾಗಿ ಬರುವ ಒಂದೇ ಒಂದು ಜೆಟ್ಟಿಗಾಗಿ, ಯಾವುದೋ ಹೊಸ ಕಣ ದಾರಿಯಲ್ಲಿ ಒಂದಿಷ್ಟು ತಂಗಿತ್ತೆಂಬ ಸುಳಿವಿಗಾಗಿ, ಹನ್ನೆರಡು ವರ್ಷ ಕಾದಿದ್ದೇನೆ.

ಚಳಿಗಾಲದ ಬಿಡುವು ಮುಗಿದು ಯಂತ್ರ ಮತ್ತೆ ಓಡತೊಡಗಿದ ಮೇ ತಿಂಗಳಲ್ಲಿ ಆರು ಬಂದವು. ಒಂದೊಂದೂ ಐದು ನ್ಯಾನೊಸೆಕೆಂಡು ತಡ. ಪಕ್ಕದ ಮೇಜಿನವನನ್ನು ಕೂಗಿ ಕರೆದೆ.

"ಆರೂ ಒಂದೇ ಮೂಲೇಲಿ ಬಂದಿದಾವಲ್ಲೇ ಒಡೀಲ್," ಎಂದ ತಂತ್ರಜ್ಞ ಉರ್ಸ್. "ಈಗ್ಲೇ ಕುಣೀಬೇಡ. ಕೇಬಲ್ ಒಂದು ಮೀಟರ್ ಜಾಸ್ತಿ ಉದ್ದ ಆದ್ರೂ ಅಷ್ಟೇ ತಡ ಆಗೋದು."

"ನಿನ್ನ ಬಾಯಿಗೆ ಬೀಗ ಹಾಕ!" ಎಂದೆ. ಆದರೂ ಯಂತ್ರ ನಿಂತ ದಿನ ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ನೂರು ಮೀಟರ್ ಕೆಳಗಿಳಿದೆವು.

ಆ ಮೂಲೆಯ ಕೇಬಲ್ ಸುರುಳಿ ಸುತ್ತಿಕೊಂಡು ನೇತಾಡುತ್ತಿತ್ತು. ಚಳಿಗಾಲದ ರಿಪೇರಿಯಲ್ಲಿ ಅದನ್ನು ಹಾಕಿದವನು ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಗ್ಯಾಸ್ಪಾರ್. ಮಾರ್ಚಿನಲ್ಲಿ ತೀರಿಕೊಂಡ. ಹತ್ತು ಗಂಟೆಯ ಕಾಫಿಗೆ ಅವನು ಒಂದು ದಿನವೂ ಸಮಯಕ್ಕೆ ಬಂದವನಲ್ಲ. ನಾನು ಬೈಯುತ್ತಲೇ ಅವನ ಕಪ್ಪಿನ ಮೇಲೆ ತಟ್ಟೆ ಮುಚ್ಚಿಡುತ್ತಿದ್ದೆ.

ಕೇಬಲ್ಲಿಗೆ ಅಂಟಿಸಿದ್ದ ಹಳದಿ ಪಟ್ಟಿಯಲ್ಲಿ ಅವನ ಕೈಬರಹವಿತ್ತು: "ಒಡೀಲ್, ಗಿಡ್ಡದು ಸಿಗ್ಲಿಲ್ಲ. ಐದು ತಡ ಆಗುತ್ತೆ, ಬೈಬೇಡ."

ಉರ್ಸ್ ಬೇರೆ ಕಡೆ ನೋಡಿದ.

ಮೇಲೆ ಬಂದು ಆ ಮೂಲೆಯ ಸಮಯದಿಂದ ಐದು ಕಳೆದೆ. ಈಗ ಅಲ್ಲಿಂದಲೂ ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತವೆ. ತಡವಾಗಿ ಬರುವವರು ಯಾರೂ ಇಲ್ಲ.