ಇನ್ನೂ ಕೇಳದ ಸದ್ದುಗಳು

ಧ್ವನಿ ಭಂಡಾರವೆಂಬ ಕ್ಯಾಸೆಟ್ಟಿನ ಅಂಗಡಿಯ ಬಾಗಿಲ ಮೇಲೆ ತೂಗುಹಾಕಿದ್ದ ಸ್ಪೀಕರಿನೊಳಗೆ ಆಕಾಶನೌಕೆಯೊಂದರ ಬಾಗಿಲು ತೆರೆದುಕೊಂಡಾಗ, ಬೀದಿಯಲ್ಲಿದ್ದವರೆಲ್ಲ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತುಬಿಡುತ್ತಿದ್ದರು. ಸೊಪ್ಪಿನ ಬುಟ್ಟಿ ಹೊತ್ತವಳು, ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೂರಿದವನು, ಕೊಡೆ ಮಡಚುವುದನ್ನು ಅರ್ಧಕ್ಕೇ ಬಿಟ್ಟ ಮೇಷ್ಟರು, ಎಲ್ಲರ ಕುತ್ತಿಗೆಯೂ ಗಾಳಿಗೆ ಸಿಕ್ಕ ಜೋಳದ ತೆನೆಗಳ ಹಾಗೆ ಒಂದೇ ಕಡೆಗೆ ಬಾಗಿರುತ್ತಿತ್ತು. ಮೊದಲು ಯಾರೋ ಉಸಿರು ಎಳೆದುಕೊಂಡಂಥ ಸದ್ದು, ಆಮೇಲೆ ಲೋಹದ ಮೇಲೆ ಲೋಹ ಜಾರುವ ಸದ್ದು, ಅದಾದ ಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ನಮ್ಮ ಬೀದಿ ಭೂಮಿಯನ್ನು ಬಿಟ್ಟು ಎಷ್ಟೋ ದೂರ ಹೋಗಿರುತ್ತಿತ್ತು.

ವರ್ಷಕ್ಕೊಮ್ಮೆ, ಮಳೆ ಹಿಂದೆಗೆದು ಬಿಸಿಲು ಹದವಾಗುವ ಹೊತ್ತಿಗೆ, ಅಂಗಡಿಯ ಯಜಮಾನರಾದ ಗೋಪಿನಾಥ ಶೇಟರು ಧ್ವನಿನಾಟಕದ ಕ್ಯಾಸೆಟ್ಟುಗಳನ್ನು ಅರ್ಧ ಬೆಲೆಗೆ ಮಾರುತ್ತಿದ್ದರು. ಪೌರಾಣಿಕ, ಸಾಮಾಜಿಕ, ಪತ್ತೇದಾರಿ ಎಲ್ಲವೂ ಇರುತ್ತಿದ್ದವು. ಆದರೆ ಜನ ಮುಗಿಬೀಳುತ್ತಿದ್ದದ್ದು ಗ್ರಹ ತಾರೆಗಳ ನಾಟಕಗಳಿಗೆ. ನಮ್ಮೂರಿಗೆ ಈ ಹುಚ್ಚು ಯಾಕೆ ಹತ್ತಿತೋ ಹೇಳಲಾರೆ. ಅಲ್ಲಿಂದ ಯಾವ ದೊಡ್ಡ ಪಟ್ಟಣಕ್ಕೂ ನೇರ ರೈಲು ಇರಲಿಲ್ಲ; ಮಂಗಳ ಗ್ರಹಕ್ಕೆ ಹೋಗುವುದೇ ಸುಲಭವಾಗಿತ್ತೋ ಏನೋ.

ರಿಯಾಯಿತಿಯ ದಿನಗಳಲ್ಲಿ ಅಂಗಡಿಯ ಜಗುಲಿಯ ಮೇಲಿನ ಬೆಂಚು ನಮ್ಮ ಮೂವರದು. ಯಾರೂ ನಮ್ಮನ್ನು ನೇಮಿಸಿರಲಿಲ್ಲ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಜನ ನಮ್ಮನ್ನು ಕೇಳುತ್ತಿದ್ದರು, ಅಷ್ಟೆ. ಬ್ಯಾಂಕಿನಲ್ಲಿದ್ದ ವಾಗೀಶರದು ಕಟ್ಟುನಿಟ್ಟಿನ ಮತ: ಸರಣಿಯನ್ನು ಮೊದಲ ಭಾಗದಿಂದಲೇ ಕೇಳಬೇಕು, ನಡುವಿನಿಂದ ಕೇಳುವವರು ಊಟವನ್ನು ಮಜ್ಜಿಗೆಯಿಂದ ಶುರುಮಾಡುವವರು. ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾಗಿದ್ದ ಲಿಲ್ಲಿಬಾಯಿಗೆ ಅಳು ಬರಬೇಕು. ಯಂತ್ರಮಾನವ ಸತ್ತರೂ ಕಣ್ಣು ಒದ್ದೆಯಾಗದ ನಾಟಕವನ್ನು ಅವರು ಮುಟ್ಟಲು ಬಿಡುತ್ತಿರಲಿಲ್ಲ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದೆ. ಎಲ್ಲಿ ಸುಮ್ಮನಾಗಬೇಕೆಂದು ಗೊತ್ತಿರುವ ನಾಟಕಗಳು ನನಗೆ ಇಷ್ಟ. ಹೀಗೆ ಒಬ್ಬ ಗಿರಾಕಿಗೆ ಮೂರು ಉತ್ತರ ಸಿಗುತ್ತಿದ್ದವು, ಶೇಟರಿಗೆ ಮೂರು ವ್ಯಾಪಾರಗಳಾಗುತ್ತಿದ್ದವು.

ಇಂದುಮತಿ ಬಂದದ್ದು ಅಂಥ ಒಂದು ಸಂಜೆ. ಪೇಟೆಯ ಕನ್ನಡಕದಂಗಡಿಯಲ್ಲಿ ಅವಳು ಕೆಲಸಕ್ಕಿದ್ದಳು. ನನ್ನ ಕನ್ನಡಕದ ಸಡಿಲವಾದ ಕಡ್ಡಿಯನ್ನು ಒಮ್ಮೆ ಅವಳೇ ಬಿಗಿ ಮಾಡಿಕೊಟ್ಟಿದ್ದಳು, ಆದರೆ ಮಾತಾಡಿದ ನೆನಪಿಲ್ಲ. ಅವಳು ಕ್ಯಾಸೆಟ್ಟುಗಳ ಕಡೆ ನೋಡಲೇ ಇಲ್ಲ. ನೇರ ನಮ್ಮ ಬೆಂಚಿನ ಎದುರು ಬಂದು ನಿಂತಳು.

"ಕೆಲವೇ ಕೆಲವು ನಾಟಕ ಕೇಳೋಕೆ ಆಗೋದು ಅಂದ್ರೆ, ಯಾವುದನ್ನ ಕೇಳಬೇಕು?" ಎಂದಳು.

ಕೈ ಬಿಗಿ ಇದೆಯೆಂದು ಮೂವರೂ ಅಂದುಕೊಂಡೆವು. ಬೇಕಾದರೆ ನನ್ನಲ್ಲಿರುವುದನ್ನೆಲ್ಲ ಎರವಲು ಕೊಡುತ್ತೇನೆ ಎಂದೆ. ಅವಳು ತಲೆಯಾಡಿಸಿ, ಹೆಚ್ಚು ಬೇಡ, ಸರಿಯಾದವು ಸಾಕು ಎಂದಳು. ಆಮೇಲೆ ನಮ್ಮ ಎಂದಿನ ಜಗಳ ಶುರುವಾಯಿತು. ವಾಗೀಶರು 'ಉಲ್ಕೆಯ ಮಕ್ಕಳು' ಸರಣಿಯ ಮೊದಲ ಭಾಗ ಎಂದರು. ಅದರಲ್ಲಿ ಪಾತ್ರಧಾರಿಗಳು ಹಾಳೆ ತಿರುಗಿಸುವ ಸದ್ದೆಲ್ಲ ಕೇಳುತ್ತದೆಂದು ಲಿಲ್ಲಿಬಾಯಿ ತಳ್ಳಿಹಾಕಿ, 'ಮಣ್ಣಿಲ್ಲದ ತೋಟ' ಎಂದರು. ಅವಳು ಮಾತಾಡಿದವರ ಕಡೆಗೆ ತಿರುಗಿ ತಿರುಗಿ, ಅವರ ಮುಖವನ್ನೇ ನೋಡುತ್ತ ಕೇಳಿದಳು. ನನ್ನ ಸರದಿ ಬಂದಾಗ ನನಗೆ ಮಾತೇ ತೊದಲಿತು. ಅಷ್ಟು ಗಮನವಿಟ್ಟು ನನ್ನ ಮುಖವನ್ನು ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ.

ಅವತ್ತು 'ಮಣ್ಣಿಲ್ಲದ ತೋಟ' ಕೊಂಡುಹೋದಳು. ಮಾರನೆಯ ಸಂಜೆ ಬಂದು, ಅದರಲ್ಲಿ ಗಾಜಿನ ಗೋಳದ ಮೇಲೆ ಮರಳು ಬೀಳುವ ಸದ್ದನ್ನು ಹೇಗೆ ಮಾಡಿರಬಹುದು ಎಂದು ಕೇಳಿದಳು. ವರ್ಷಗಳಿಂದ ಆ ನಾಟಕವನ್ನು ಕೇಳಿ ಅತ್ತಿದ್ದ ಲಿಲ್ಲಿಬಾಯಿ ಅಂಥ ಸದ್ದೊಂದು ಅದರಲ್ಲಿ ಇರುವುದನ್ನೇ ಗಮನಿಸಿರಲಿಲ್ಲ. ಮನೆಗೆ ಹೋಗಿ ಹಾಕಿ ನೋಡಿದೆ. ಇತ್ತು. ಮಾತುಗಳ ಹಿಂದೆ, ಎಲ್ಲೋ ಆಳದಲ್ಲಿ, ಸಾಸಿವೆ ಚೆಲ್ಲಿದ ಹಾಗೆ ಸಣ್ಣಗೆ ಉದುರುತ್ತಲೇ ಇತ್ತು.

ಆಮೇಲೆ ದಿನಾ ಸಂಜೆ ಬರತೊಡಗಿದಳು. ಅವಳು ಬರುವ ಹೊತ್ತಿಗೆ ನಾನು ಪ್ರೆಸ್ಸಿನ ಮಸಿ ಕೈ ತೊಳೆದು, ತಲೆ ಬಾಚಿ ಬೆಂಚಿನಲ್ಲಿರುತ್ತಿದ್ದೆ. ಪಕ್ಕದಲ್ಲಿ ಜಾಗ ಬಿಟ್ಟರೂ ಅವಳು ಕೂರುತ್ತಿರಲಿಲ್ಲ. ಎದುರಿಗಿದ್ದ ಖಾಲಿ ಪೆಟ್ಟಿಗೆಯ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದಳು. ನಾನು ಮಾತು ನಿಲ್ಲಿಸಿದರೂ ಒಂದು ಗಳಿಗೆ ಅವಳ ದೃಷ್ಟಿ ನನ್ನ ತುಟಿಯ ಮೇಲೇ ಉಳಿದಿರುತ್ತಿತ್ತು. ಅದನ್ನು ನಾನು ಏನೆಂದು ತಿಳಿದೆನೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ಅವಳು, ತಪ್ಪು ತಿಳಿಯಬೇಡಿ ಎಂದು ಪೀಠಿಕೆ ಹಾಕಿ, ಮೀಸೆಯನ್ನು ಸ್ವಲ್ಪ ಕತ್ತರಿಸಿಕೊಂಡರೆ ಚೆನ್ನಾಗಿರುತ್ತದೆ ಎಂದಳು. ಮರುದಿನ ಬೆಳಿಗ್ಗೆ ಕ್ಷೌರದಂಗಡಿ ತೆರೆಯುವ ಮೊದಲೇ ನಾನು ಅದರ ಮೆಟ್ಟಿಲ ಮೇಲಿದ್ದೆ. ಸಂಜೆ ನನ್ನನ್ನು ನೋಡಿ ಅವಳ ಮುಖ ಅರಳಿತು. ಲಿಲ್ಲಿಬಾಯಿ ಇಬ್ಬರನ್ನೂ ನೋಡಿ, ಚೀಲದಿಂದ ಕಡಲೆಕಾಯಿ ತೆಗೆದು ಹಂಚಿದರು.

ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ನಾಟಕ 'ಕೊನೆಯ ತಂಗುದಾಣ'. ಆಕಾಶದ ಅಂಚಿನ ತಂಗುದಾಣವೊಂದರಲ್ಲಿ ಒಬ್ಬಳೇ ಉಳಿದ ಹೆಂಗಸು, ದೂರ ಹೋಗುತ್ತಿರುವ ನೌಕೆಯಲ್ಲಿರುವವನ ಜೊತೆ ಮಾತಾಡುತ್ತಾಳೆ. ನೌಕೆ ದೂರವಾದಷ್ಟೂ ಉತ್ತರ ಬರುವುದು ತಡವಾಗುತ್ತದೆ. ಮೊದಮೊದಲು ಒಂದು ಉಸಿರಿನಷ್ಟು, ಆಮೇಲೆ ಒಂದು ಹಗಲಿನಷ್ಟು, ಕೊನೆಗೆ ಒಂದು ಋತುವಿನಷ್ಟು. ಅದನ್ನು ಇಂದುಮತಿಗೆ ಸೂಚಿಸದೆ ಉಳಿಸಿಕೊಂಡಿದ್ದೆ. ರಿಯಾಯಿತಿಯ ಕೊನೆಯ ದಿನ ನಾನೇ ಕೊಂಡು ಅವಳ ಕೈಗಿಟ್ಟು, ಮನಸ್ಸಿನಲ್ಲಿರುವುದನ್ನು ಹೇಳಬೇಕೆಂದು ಎಣಿಸಿದ್ದೆ.

ಆ ಸಂಜೆ ಜನ ಬೀದಿಯ ತುಂಬ ಇದ್ದರು. ಶೇಟರು ಸ್ಪೀಕರನ್ನು ಜೋರು ಮಾಡಿದ್ದರು. ನೌಕೆಯ ಬಾಗಿಲು ತೆರೆಯಿತು, ತಲೆಗಳೆಲ್ಲ ವಾಲಿದವು. ಅಷ್ಟು ಜನರ ನಡುವೆ ನೆಟ್ಟಗೆ ನಿಂತಿದ್ದವಳು ಇಂದುಮತಿ ಒಬ್ಬಳೇ. ಅವಳು ನನಗೆ ಬೆನ್ನು ಮಾಡಿಕೊಂಡು ಬೀದಿಯ ನಡುವೆ ನಿಂತು, ಸುತ್ತಲಿನವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತ ಬಂತು. ಜನ ಪಕ್ಕಕ್ಕೆ ಸರಿದರು. ನಾನು ಹೆಸರು ಹಿಡಿದು ಕೂಗಿದೆ, ಮತ್ತೆ ಕೂಗಿದೆ. ಅವಳು ಕದಲಲಿಲ್ಲ. ಓಡಿಹೋಗಿ ತೋಳು ಹಿಡಿದು ಎಳೆದುಕೊಂಡಾಗ ಅವಳು ಬೆಚ್ಚಿ ತಿರುಗಿದಳು. ಪಕ್ಕದಲ್ಲಿ ಲಾರಿ ಹಾದುಹೋದ ಮೇಲೆಯೇ ಅವಳಿಗೆ ಏನಾಯಿತೆಂದು ತಿಳಿದದ್ದು.

ಚಹಾದಂಗಡಿಯ ಹಿಂದಿನ ಕಟ್ಟೆಯ ಮೇಲೆ ಕೂತೆವು. ಬಲಗಿವಿ ಹೋಗಿ ಬಹಳ ಕಾಲವಾಯಿತೆಂದೂ, ಎಡಗಿವಿಯೂ ಹಾಗೇ ಹೋಗುತ್ತಿದೆಯೆಂದೂ, ಇನ್ನೊಂದು ಮಳೆಗಾಲದವರೆಗೆ ಉಳಿದರೆ ಪುಣ್ಯ ಎಂದು ವೈದ್ಯರು ಹೇಳಿದ್ದಾರೆಂದೂ ನಿಧಾನವಾಗಿ ಹೇಳಿದಳು. ಟೇಪ್ ರೆಕಾರ್ಡರನ್ನು ಎಡಗಿವಿಗೆ ಒತ್ತಿ ಹಿಡಿದು ಕೇಳುತ್ತಿದ್ದಳಂತೆ. ಜನರ ಮಾತನ್ನು ಈಗಾಗಲೇ ಹೆಚ್ಚುಪಾಲು ತುಟಿ ನೋಡಿಯೇ ತಿಳಿಯುತ್ತಿದ್ದಳಂತೆ. "ಕಣ್ಣಿನ ತೊಂದರೆ ಆಗಿದ್ದಿದ್ರೆ ನಮ್ಮ ಅಂಗಡೀಲೇ ಏನಾದ್ರೂ ಮಾಡಬಹುದಿತ್ತು," ಎಂದು ನಗಲು ನೋಡಿದಳು.

ಹಾಗಿದ್ದರೆ ಉಳಿದ ದಿನಗಳಲ್ಲಿ ಒಳ್ಳೆಯ ಸಂಗೀತ ಕೇಳುವುದು ಬಿಟ್ಟು ಈ ನಾಟಕಗಳೇಕೆ ಎಂದು ಕೇಳಿದೆ.

"ಹಾಡುಗಳು ನನಗೆ ಬರ್ತವೆ," ಎಂದಳು. "ಅಮ್ಮನ ದನಿ, ಮಳೆ, ಕಾಗೆ, ಒಗ್ಗರಣೆ, ಇವೆಲ್ಲ ನನ್ನೊಳಗೆ ಇವೆ. ಕಿವಿ ಹೋದ ಮೇಲೂ ಅವು ಹೋಗೋದಿಲ್ಲ. ನನಗೆ ಇನ್ನೂ ಕೇಳದೇ ಇರೋ ಸದ್ದು ಬೇಕಿತ್ತು. ಎಲ್ಲೂ ಇಲ್ಲದ್ದು. ಅದನ್ನ ಈಗಲೇ ತುಂಬಿಕೊಳ್ಳದಿದ್ರೆ ಆಮೇಲೆ ಹೊಸದು ಅಂತ ಏನೂ ಬರೋದಿಲ್ಲ, ಅಲ್ವಾ?"

ನನ್ನ ಕೈ ಮೀಸೆಯ ಕಡೆಗೆ ಹೋಯಿತು. "ಮೀಸೆ ಕತ್ತರಿಸಿಕೊಳ್ಳಿ ಅಂದದ್ದು ಇದಕ್ಕೇನಾ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. ಮತ್ತೆ ಎತ್ತಿ ನನ್ನನ್ನು ನೋಡಿ, "ಇದಕ್ಕೂ ಹೌದು," ಎಂದಳು.

ಜೇಬಿನಲ್ಲಿದ್ದ ಕ್ಯಾಸೆಟ್ಟನ್ನು ಆ ದಿನ ನಾನು ಹೊರಗೆ ತೆಗೆಯಲಿಲ್ಲ. ದೂರವಾಗುವ ದನಿಯ ಕತೆಯನ್ನು ಅವಳಿಗೆ ಹೇಗೆ ಕೊಡಲಿ?

ಅವಳ ಒಪ್ಪಿಗೆ ಪಡೆದು ಉಳಿದಿಬ್ಬರಿಗೂ ಹೇಳಿದೆ. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಲಿಲ್ಲಿಬಾಯಿಯ ಮನೆಯಲ್ಲಿ ಸೇರತೊಡಗಿದೆವು. ಹೊರಗಿನ ಸದ್ದು ಬಾರದಂತೆ ಕಿಟಕಿಗೆ ರಗ್ಗು ಹೊದಿಸುತ್ತಿದ್ದರು. ಇಂದುಮತಿ ಚಾಪೆಯ ಮೇಲೆ ಕೂತು ಎಡಗಿವಿಯನ್ನು ದೊಡ್ಡ ಸ್ಪೀಕರಿಗೆ ಆನಿಸುತ್ತಿದ್ದಳು. ಯಾವ ನಾಟಕ ಮೊದಲು ಎಂಬ ಜಗಳ ಅಲ್ಲಿಯೂ ನಡೆಯಿತು, ಆದರೆ ಈಗ ಅದರಲ್ಲಿ ಯಾರೂ ಗೆಲ್ಲಲು ನೋಡುತ್ತಿರಲಿಲ್ಲ. ವಾಗೀಶರು ಒಂದು ಭಾನುವಾರ 'ಉಲ್ಕೆಯ ಮಕ್ಕಳು' ಸರಣಿಯ ಕಟ್ಟಿನಿಂದ ಕೊನೆಯ ಭಾಗವನ್ನೇ ಹೊರತೆಗೆದು ಯಂತ್ರಕ್ಕೆ ಹಾಕಿದರು. ಅದರಲ್ಲಿ ನಕ್ಷತ್ರವೊಂದು ಆರಿಹೋಗುವ ಸದ್ದಿದೆ, ಅದು ಇವಳಿಗೆ ಸಿಗಲಿ, ಉಳಿದ ಕತೆ ನಾನು ಬಾಯಲ್ಲಿ ಹೇಳುತ್ತೇನೆ ಎಂದರು. ಆ ಮನುಷ್ಯ ಎದ್ದು ಅಡುಗೆಮನೆಗೆ ಹೋಗಿ ಬಹಳ ಹೊತ್ತು ನೀರು ಕುಡಿದರು.

ಬೇಸಿಗೆ ಕಳೆಯುವ ಹೊತ್ತಿಗೆ ಅವಳು ಸ್ಪೀಕರಿನಿಂದ ಕಿವಿ ತೆಗೆದು, ಮುಗಿಯಿತಾ ಎಂದು ನಮ್ಮನ್ನು ಕೇಳುವುದು ಹೆಚ್ಚಾಯಿತು. ನಾಟಕ ನಡೆಯುತ್ತಲೇ ಇರುತ್ತಿತ್ತು. ಅವಳ ಅಕ್ಕ ಇದ್ದ ಊರಿನಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದಿತ್ತು. ಅಲ್ಲಿ ಇವಳೂ ಸನ್ನೆಭಾಷೆ ಕಲಿತು, ಆಮೇಲೆ ಮಕ್ಕಳಿಗೆ ಕಲಿಸಬಹುದು ಎಂದು ಅಕ್ಕ ಏರ್ಪಾಡು ಮಾಡಿದ್ದಳು. ಹೊರಡುವ ಹಿಂದಿನ ಸಂಜೆ ಇಂದುಮತಿ ನನ್ನನ್ನು ಕೆರೆಯ ಮೆಟ್ಟಿಲಿಗೆ ಕರೆದಳು.

"ನಿಮಗೆ ಎಲ್ಲಕ್ಕಿಂತ ಇಷ್ಟವಾದ ನಾಟಕ ಒಂದಿದೆ. ಅದನ್ನ ನನಗೆ ಕೇಳಿಸಲೇ ಇಲ್ಲ. ಲಿಲ್ಲಿಬಾಯಿ ಹೇಳಿದ್ರು," ಎಂದಳು.

ಮನೆಗೆ ಹೋಗಿ ತರುತ್ತೇನೆ ಎಂದೆ. ಬೇಡ, ನೀವೇ ಹೇಳಿ ಎಂದಳು. ಅವತ್ತು ಅವಳು ನನ್ನ ಮುಖ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಎಡಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು. ನಾನು 'ಕೊನೆಯ ತಂಗುದಾಣ'ವನ್ನು ಮೊದಲಿನಿಂದ ಹೇಳಿದೆ. ಹೆಂಗಸಿನ ಮಾತನ್ನೂ ಹೇಳಿದೆ, ನೌಕೆಯವನ ಮಾತನ್ನೂ ಹೇಳಿದೆ, ಯಂತ್ರಗಳ ಸದ್ದನ್ನು ಬಾಯಿಯಲ್ಲೇ ಕೆಟ್ಟದಾಗಿ ಮಾಡಿದೆ. ಉತ್ತರಕ್ಕೆ ಕಾಯುವ ಕಡೆಗಳಲ್ಲೆಲ್ಲ ಸುಮ್ಮನಾದೆ. ಆಗ ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಕತೆ ಮುಗಿದಾಗ ನೀರಿನ ಮೇಲಿನ ಬೆಳಕು ಕೆಂಪಾಗಿತ್ತು. ನಾನು ಇನ್ನೊಂದು ಮಾತು ಹೇಳಲು ಬಾಯಿ ತೆರೆದೆ. ಅವಳಿಗೆ ಅದು ಗೊತ್ತಾಯಿತು.

"ಇಷ್ಟಕ್ಕೇ ನಿಲ್ಲಿಸಿ," ಎಂದಳು. "ನಿಮ್ಮ ಜೊತೆ ಇದ್ರೆ ಈ ದನಿ ದಿನಾ ಒಂದಿಷ್ಟು ಕಳೆದುಹೋಗೋದನ್ನ ನೋಡ್ತಾ ಇರಬೇಕು. ಹೀಗೇ ಹೋದ್ರೆ ಪೂರ್ತಿ ನನ್ನ ಹತ್ರ ಇರುತ್ತೆ."

ವಾದಿಸಬಹುದಿತ್ತು. ವಾದಿಸಿದ್ದರೆ ಅವಳು ಕೇಳುವ ನನ್ನ ಕೊನೆಯ ದನಿ ವಾದದ್ದಾಗುತ್ತಿತ್ತು. ಸುಮ್ಮನಾದೆ.

ಮರುದಿನ ಬಸ್ ನಿಲ್ದಾಣದಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಸಣ್ಣ ಹನಿ ಶುರುವಾಗಿದ್ದರಿಂದ ಗಾಜು ಮುಚ್ಚಿತ್ತು. ಎಂಜಿನ್ ಶುರುವಾಯಿತು. ಬೀಳ್ಕೊಡಲು ಬಂದವರು ತಂತಮ್ಮವರ ಕಿಟಕಿಗಳ ಕೆಳಗೆ ನಿಂತು, ತಲುಪಿದ ಕೂಡಲೇ ತಿಳಿಸು, ಊಟ ಮರೆಯಬೇಡ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಒಳಗಿದ್ದವರು ಕೇಳಿಸುತ್ತಿಲ್ಲವೆಂದು ಕೈಯಾಡಿಸುತ್ತಿದ್ದರು. ನಾನು ದನಿ ಎತ್ತಲಿಲ್ಲ. ದನಿಯನ್ನು ಬಳಸಲೇ ಇಲ್ಲ. ಹಿಂದಿನ ಸಂಜೆ ನುಂಗಿಕೊಂಡಿದ್ದ ಮಾತನ್ನು, ಅವಳ ಕಡೆಗೆ ಮುಖವೆತ್ತಿ, ಬರಿಯ ತುಟಿಯಿಂದ ಹೇಳಿದೆ. ಆ ಇಡೀ ಬಸ್ಸಿನಲ್ಲಿ ಹೊರಗಿನವರ ಮಾತು ತಲುಪಿದ್ದು ಅವಳೊಬ್ಬಳಿಗೆ.

ಅವಳು ಹಣೆಯನ್ನು ಗಾಜಿಗೆ ತಂದು ಏನೋ ಹೇಳಿದಳು. ಒಂದೇ ಮಾತು. ಬಸ್ಸು ಹೊರಟಿತು. ತುಟಿ ಓದುವ ವಿದ್ಯೆ ನನಗೆ ಬರುತ್ತಿರಲಿಲ್ಲ.

ಆಮೇಲೆ ಎಷ್ಟೋ ಸಲ ಕನ್ನಡಿಯ ಮುಂದೆ ನಿಂತು, ಕಂಡದ್ದನ್ನು ನೆನಪಿಸಿಕೊಂಡು, ಸದ್ದಿಲ್ಲದೆ ಒಂದೊಂದೇ ಮಾತನ್ನು ಆಡಿ ನೋಡಿದ್ದೇನೆ. ಬ ಎನ್ನುವಾಗಲೂ ಮ ಎನ್ನುವಾಗಲೂ ತುಟಿಗಳು ಒಂದೇ ರೀತಿ ಮುಚ್ಚಿ ತೆರೆಯುತ್ತವೆ. ಅವಳು ಬರಬೇಡಿ ಎಂದಳೋ, ಮರೀಬೇಡಿ ಎಂದಳೋ, ಕನ್ನಡಿ ಬೇರ್ಪಡಿಸಿ ಹೇಳುವುದಿಲ್ಲ. ಎರಡರಲ್ಲಿ ಯಾವುದನ್ನೂ ಮೀರುವುದು ನನ್ನಿಂದ ಆಗಲಿಲ್ಲ. ಆ ಊರಿಗೆ ನಾನು ಹೋಗಲಿಲ್ಲ, ಮತ್ತು ಹನಿ ಇಳಿಯುವ ಗಾಜಿನ ಹಿಂದೆ ಅವಳ ತುಟಿಗಳು ಮುಚ್ಚಿ, ತೆರೆದು, ನಡುವೆ ಇನ್ನೊಮ್ಮೆ ಮೆಲ್ಲಗೆ ಮುಚ್ಚಿಕೊಳ್ಳುವುದನ್ನು ಈಗಲೂ ನೋಡುತ್ತಿದ್ದೇನೆ.